ಮಗುಚಿ ಹಾಕಿ ಎಂದ ಸಂತ

ಹೋದ ಸಂಚಿಕೆಯಲ್ಲಿ ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲಿನವರೊಬ್ಬರ ಪ್ರಶ್ನೆ ಅಚ್ಚು ಹಾಕಿ, 'ಉತ್ತರ ಮುಂದಿನ ಸಲ' ಎಂದು ಬರೆದು ತಪ್ಪಿಸಿಕೊಂಡಿದ್ದೆ. ಜಾಗ ಇರಲಿಲ್ಲ. ನಿಜ ಹೇಳಬೇಕೆಂದರೆ ಓದಿಕೊಳ್ಳಲು ಸಮಯವೂ ಬೇಕಿತ್ತು. ಅಷ್ಟರಲ್ಲಿ ಅದೇ ಎಳೆ ಹಿಡಿದು ಚಿತ್ರದುರ್ಗ, ಹಿರಿಯೂರು, ಹರಿಹರದಿಂದಲೂ ಪತ್ರಗಳು ಬಂದವು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಒಬ್ಬನದೇ. ಪಿಂಚಣಿ, ಬೆಳೆ ವಿಮೆ ಬಗ್ಗೆ ಕೇಳಿದವರು ದಯವಿಟ್ಟು ಒಂದು ತಿಂಗಳು ತಡೆದುಕೊಳ್ಳಿ.

ನಮ್ಮ ಹೋಟೆಲಿಗೆ ಕಾರ್ಕಳದ ಕಡೆಯ ಹುಡುಗನೊಬ್ಬ ದೋಸೆ ಹಾಕಲು ಸೇರಿದ್ದಾನೆ. ಒಳ್ಳೆ ಕೈ. ಒಲೆಯ ಎದುರಿನ ಗೋಡೆಗೆ ಒಂದು ಫೋಟೋ ಅಂಟಿಸಿದ್ದಾನೆ. ಕೆಂಪು ನಿಲುವಂಗಿ ತೊಟ್ಟ ಎಳೆ ವಯಸ್ಸಿನ ಸಂತ, ಕೈಯಲ್ಲಿ ಕಬ್ಬಿಣದ ಜಾಲರಿ. 'ಇವರು ಅಡುಗೆಯವರ ಸಂತರು ಸಾರ್' ಅಂತಾನೆ. ಯಾರಿವರು? ನಾವು ಊದುಬತ್ತಿ ಹಚ್ಚಿದರೆ ತಪ್ಪಾ?
– ಹೋಟೆಲ್ ಮಾಲೀಕರು, ದಾವಣಗೆರೆ

ಯಜಮಾನ್ರೇ, ಅದು ಸಂತ ಲಾರೆನ್ಸ್. ಕೊಳಲು ಕಂಡರೆ ಕೃಷ್ಣ, ಬಿಲ್ಲು ಕಂಡರೆ ರಾಮ ಎನ್ನುತ್ತೇವಲ್ಲ, ಹಾಗೆ ಜಾಲರಿ ಕಂಡರೆ ಲಾರೆನ್ಸ್. ಆದರೆ ಅದು ಅವನ ಅಡುಗೆ ಸಾಮಾನಲ್ಲ. ಅವನನ್ನೇ ಸುಟ್ಟರು ಎನ್ನುವ ಜಾಲರಿ.

ಕಥೆ ನಡೆದದ್ದು 258ನೇ ಇಸವಿಯಲ್ಲಿ, ರೋಮ್ ನಗರದಲ್ಲಿ. ವಲೇರಿಯನ್ ಎಂಬ ಚಕ್ರವರ್ತಿ ಹಿಂದಿನ ವರ್ಷವೇ ಕ್ರೈಸ್ತರು ಸಭೆ ಸೇರಬಾರದು ಎಂದು ಆಜ್ಞೆ ಹೊರಡಿಸಿದ್ದ. ಅದು ಸಾಲದು ಎನಿಸಿ ಈ ವರ್ಷ ಇನ್ನೊಂದು ಹೊರಡಿಸಿದ. ಬಿಷಪ್, ಪಾದ್ರಿ, ಡೀಕನ್ ಯಾರೇ ಸಿಕ್ಕರೂ ತಕ್ಷಣ ಕೊಲ್ಲಿ ಎಂದು. ಆಗಸ್ಟ್ 6ರಂದು ಪೋಪ್ ಎರಡನೇ ಸಿಕ್ಸ್ಟಸ್‌ನನ್ನು ಕ್ರೈಸ್ತರ ಸಮಾಧಿ ಜಾಗದಲ್ಲೇ ಹಿಡಿದು ಕೊಂದರು. ಜೊತೆಗೆ ಅವನ ಡೀಕನ್‌ಗಳು ಕೆಲವರನ್ನೂ. ಡೀಕನ್ ಎಂದರೆ ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನವನು. ಸಭೆಯ, ಅಂದರೆ ಕ್ರೈಸ್ತ ಸಮುದಾಯದ ದುಡ್ಡು, ದಾನ, ಯಾವ ವಿಧವೆಗೆ ಎಷ್ಟು, ಯಾವ ರೋಗಿಗೆ ಏನು, ಎಲ್ಲ ಅವನ ಕೈಯಲ್ಲಿ. ಲಾರೆನ್ಸ್ ಅಂಥವರಲ್ಲಿ ಮುಖ್ಯನಾಗಿದ್ದ. ನಮ್ಮ ಮಾತಲ್ಲಿ ಹೇಳುವುದಾದರೆ ಮಠದ ಗುಮಾಸ್ತ, ಖಜಾಂಚಿ, ಪಾರುಪತ್ಯಗಾರ ಮೂರೂ ಅವನೇ.

ನಗರದ ಅಧಿಕಾರಿಗೆ ಇದು ಗೊತ್ತು. ಕರೆಸಿ ಕೇಳಿದ: ನಿಮ್ಮವರ ಹತ್ತಿರ ಚಿನ್ನದ ಬಟ್ಟಲು, ಬೆಳ್ಳಿಯ ದೀಪ ಎಲ್ಲ ಇವೆಯಂತೆ, ತಂದು ಒಪ್ಪಿಸು. ಲಾರೆನ್ಸ್ ಇಲ್ಲ ಎನ್ನಲಿಲ್ಲ. ಬಹಳ ಇದೆ ಸ್ವಾಮಿ, ಪಟ್ಟಿ ಮಾಡಲು ಮೂರು ದಿನ ಕೊಡಿ ಎಂದ. ಆ ಮೂರು ದಿನದಲ್ಲಿ ಇದ್ದಬದ್ದದ್ದನ್ನೆಲ್ಲ ಹಂಚಿಬಿಟ್ಟ. ಮೂರನೇ ದಿನ ಕುರುಡರು, ಕುಂಟರು, ಕುಷ್ಠ ಹತ್ತಿದವರು, ಗಂಡ ಸತ್ತ ಹೆಂಗಸರು, ಬೀದಿ ಮಕ್ಕಳು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಅಧಿಕಾರಿಯನ್ನು ಕರೆದು ತೋರಿಸಿದ. ತಗೊಳ್ಳಿ, ಸಭೆಯ ಸಂಪತ್ತು ಇದೇ.

ಅಧಿಕಾರಿಗೆ ಮೈ ಉರಿಯಿತು. ನಿನಗೆ ಸುಲಭದ ಸಾವಿಲ್ಲ ಎಂದು ಕೆಂಡದ ಮೇಲೆ ಕಬ್ಬಿಣದ ಜಾಲರಿ ಇಡಿಸಿ ಅದರ ಮೇಲೆ ಮಲಗಿಸಿದ. ಸ್ವಲ್ಪ ಹೊತ್ತಾದ ಮೇಲೆ ಲಾರೆನ್ಸ್ ಹೇಳಿದನಂತೆ: ಈ ಕಡೆ ಬೆಂದಿದೆ, ಮಗುಚಿ ಹಾಕಿ, ತಿನ್ನಿ.

ಈಗ ಗೊತ್ತಾಯಿತಲ್ಲ, ಅಡುಗೆಯವರಿಗೆ ಇವನು ಹೇಗೆ ಸಂತನಾದ ಎಂದು. ಮೊದಲ ಸಲ ಓದಿದಾಗ ನನಗೆ ನಗು ಬಂತು, ಆಮೇಲೆ ನಕ್ಕಿದ್ದಕ್ಕೆ ನಾಚಿಕೆಯೂ ಆಯಿತು. ಸುಟ್ಟು ಸತ್ತವನನ್ನು ತಂದು ಒಲೆಯ ಮುಂದೆಯೇ ಕೂರಿಸಿದ್ದಾರಲ್ಲ ಜನ! ಬೆಂಕಿ ಆರಿಸುವವರೂ ಅವನನ್ನು ತಮ್ಮವನು ಅನ್ನುತ್ತಾರೆ. ಸಭೆಯ ಕಾಗದಪತ್ರ ಕಾದವನು ಎಂದು ಗ್ರಂಥಾಲಯದವರೂ ಬಿಟ್ಟಿಲ್ಲ. ಸಾಯುವಾಗಲೂ ತಮಾಷೆ ಮಾಡಿದ ಎಂದು ಹಾಸ್ಯಗಾರರದೂ ಒಂದು ಪಾಲಿದೆ.

ಊದುಬತ್ತಿ ವಿಷಯ. ಕ್ಯಾಥೊಲಿಕರ ಲೆಕ್ಕದಲ್ಲಿ ಸಂತ ದೇವರಲ್ಲ, ನಮ್ಮ ಪರವಾಗಿ ದೇವರ ಹತ್ತಿರ ಒಂದು ಮಾತು ಹೇಳುವವನು. ಅವರು ಸಾಮಾನ್ಯವಾಗಿ ಮೇಣದಬತ್ತಿ ಹಚ್ಚುತ್ತಾರೆ. ನೀವು ಊದುಬತ್ತಿ ಹಚ್ಚಿದರೆ ಆ ಹುಡುಗ ಬೇಡ ಅನ್ನಲಿಕ್ಕಿಲ್ಲ. ಬೆಣ್ಣೆಯ ಜಿಡ್ಡು ಹತ್ತದ ಕಡೆ ಫೋಟೋ ಸರಿಸಿ ಹಾಕಿಸಿ, ಅಷ್ಟು ಸಾಕು.

ಬೇಯುತ್ತಿರುವ ಮನುಷ್ಯ ತಮಾಷೆ ಮಾಡುತ್ತಾನೆಯೇ? ನಲವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಇದರಲ್ಲಿ ನಿಜವೆಷ್ಟು, ಕಟ್ಟಿದ್ದೆಷ್ಟು, ಬಿಡಿಸಿ ಹೇಳಿ.
– ನಿವೃತ್ತ ಮೇಷ್ಟ್ರು, ಹಿರಿಯೂರು

ಮೇಷ್ಟ್ರೇ, ನಿಮ್ಮಂಥವರ ಪ್ರಶ್ನೆ ಬರುತ್ತದೆ ಎಂದೇ ಓದಿಕೊಳ್ಳಲು ಒಂದು ತಿಂಗಳು ತಗೊಂಡಿದ್ದು.

ಲಾರೆನ್ಸ್ ಎಂಬವನು ಇದ್ದ, ಕೊಲ್ಲಲ್ಪಟ್ಟ, ಇದರಲ್ಲಿ ತಕರಾರಿಲ್ಲ. 354ನೇ ಇಸವಿಯ ರೋಮಿನ ಪಂಚಾಂಗವೊಂದರಲ್ಲಿ ರಕ್ತಸಾಕ್ಷಿಗಳ, ಅಂದರೆ ನಂಬಿಕೆಗಾಗಿ ಪ್ರಾಣ ಕೊಟ್ಟವರ ಪಟ್ಟಿ ಇದೆ. ಅದರಲ್ಲಿ ಆಗಸ್ಟ್ 10ಕ್ಕೆ ಇವನ ಹೆಸರು, ಸಮಾಧಿ ತಿಬುರ್ತಿನಾ ರಸ್ತೆಯಲ್ಲಿ ಎಂಬ ವಿಳಾಸ, ಎರಡೂ ಸಿಗುತ್ತವೆ. ಆ ಸಮಾಧಿಯ ಜಾಗದಲ್ಲಿ ಇವತ್ತಿಗೂ ದೊಡ್ಡ ಚರ್ಚ್ ಇದೆ. ಪೋಪ್ ಸಿಕ್ಸ್ಟಸ್ ಸತ್ತದ್ದಕ್ಕೆ ಅದೇ ವರ್ಷದ ಸಾಕ್ಷಿಯೇ ಇದೆ. ಆಫ್ರಿಕಾದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಆ ಸುದ್ದಿಯನ್ನೂ ಚಕ್ರವರ್ತಿಯ ಆಜ್ಞೆಯನ್ನೂ ಪತ್ರದಲ್ಲಿ ಬರೆದಿದ್ದಾನೆ. ಮರುತಿಂಗಳು ಅವನ ತಲೆಯೂ ಹೋಯಿತು.

ತೊಡಕು ಇರುವುದು ಜಾಲರಿಯಲ್ಲಿ. ಆಜ್ಞೆ ಹೇಳಿದ್ದು ಸಿಕ್ಕ ತಕ್ಷಣ ಕೊಲ್ಲಿ ಎಂದು. ಸಿಕ್ಸ್ಟಸ್‌ನ ತಲೆ ಕಡಿದರು, ಸಿಪ್ರಿಯನ್‌ನ ತಲೆ ಕಡಿದರು. ಲಾರೆನ್ಸ್ ಒಬ್ಬನಿಗೆ ಮಾತ್ರ ಮೂರು ದಿನದ ವಾಯಿದೆ, ಕೆಂಡ, ಜಾಲರಿ ಎಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಬೆಂಕಿಯ ಮಾತು ಮೊದಲು ಕೇಳುವುದು ಸುಮಾರು ನೂರು ವರ್ಷ ಕಳೆದ ಮೇಲೆ, ಪೋಪ್ ದಮಾಸಸ್ ಬರೆಸಿದ ಶಾಸನದ ಪದ್ಯದಲ್ಲಿ. ಬಡವರ ಮೆರವಣಿಗೆಯನ್ನೂ 'ಮಗುಚಿ ತಿನ್ನಿ' ಎಂಬ ಮಾತನ್ನೂ ಬರೆದಿಟ್ಟವನು ಮಿಲಾನಿನ ಬಿಷಪ್ ಆಂಬ್ರೋಸ್. ಅದು ಲಾರೆನ್ಸ್ ಸತ್ತು ನೂರಿಪ್ಪತ್ತು, ನೂರಮೂವತ್ತು ವರ್ಷವಾದ ಮೇಲಿನ ಮಾತು. ಆಮೇಲೆ ಸುಮಾರು 400ರ ಹೊತ್ತಿಗೆ ಸ್ಪೇನಿನ ಕವಿ ಪ್ರುಡೆಂಶಿಯಸ್ ಇದನ್ನೇ ಐನೂರಕ್ಕೂ ಜಾಸ್ತಿ ಸಾಲಿನ ಕಾವ್ಯ ಮಾಡಿದ. ಕವಿಯ ಕೈಗೆ ಬಿದ್ದ ಮೇಲೆ ಗೊತ್ತಲ್ಲ.

ಇದಕ್ಕೆ ವಿದ್ವಾಂಸರು ಒಂದು ಚಂದದ ಊಹೆ ಕೊಟ್ಟಿದ್ದಾರೆ. ಲ್ಯಾಟಿನ್‌ನಲ್ಲಿ ರಕ್ತಸಾಕ್ಷಿಗಳ ಬಗ್ಗೆ ಬರೆಯುವಾಗ 'ಪಾಸುಸ್ ಎಸ್ಟ್' ಅನ್ನುತ್ತಾರೆ, ನೋವುಂಡ ಎಂದು ಅರ್ಥ. ನಕಲು ಮಾಡುವವನು ಮೊದಲ ಅಕ್ಷರ ಬಿಟ್ಟರೆ 'ಆಸುಸ್ ಎಸ್ಟ್' ಆಗುತ್ತದೆ. ಅಂದರೆ ಸುಟ್ಟು ಬೇಯಿಸಲ್ಪಟ್ಟ! ನಮ್ಮ ಕನ್ನಡದಲ್ಲಿ ನೊಂದ ಎಂದು ಬರೆಯಲು ಹೋಗಿ ಬೆಂದ ಎಂದು ಬರೆದ ಹಾಗೆ. ನೊಂದು ಬೆಂದವರು ಎಂದು ನಾವು ಒಟ್ಟಿಗೇ ಹೇಳುತ್ತೇವಲ್ಲ, ಅಲ್ಲಿ ಒಂದರಿಂದ ಇನ್ನೊಂದು ಹುಟ್ಟಿಕೊಂಡಿತು ಅನ್ನುತ್ತದೆ ಈ ಊಹೆ. ನನಗೆ ಇದು ಸ್ವಲ್ಪ ಅತಿ ಚಂದ ಅನಿಸುತ್ತದೆ. ಒಂದು ಅಕ್ಷರ ಬಿದ್ದು ಇಷ್ಟು ದೊಡ್ಡ ಕಥೆ ಎದ್ದಿತೇ? ಆದರೆ ಪರೀಕ್ಷೆ ಪೇಪರ್ ತಿದ್ದಿದ ನಿಮಗೆ ಗೊತ್ತಿರುತ್ತದೆ, ಒಂದು ಅಕ್ಷರ ಏನೇನು ಮಾಡುತ್ತದೆ ಅಂತ.

ಬೆಂಕಿಯನ್ನು ನಾನು ನಂಬುವುದಿಲ್ಲ. ದುಡ್ಡಿನ ಜಗಳವನ್ನು ನಂಬುತ್ತೇನೆ. ಆ ಆಜ್ಞೆಯಲ್ಲೇ ದೊಡ್ಡ ಮನೆತನದ ಕ್ರೈಸ್ತರ ಆಸ್ತಿ ಮುಟ್ಟುಗೋಲು ಹಾಕಿ ಎಂದಿತ್ತು. ಗಡಿಯಲ್ಲಿ ಯುದ್ಧ, ಬೊಕ್ಕಸ ಖಾಲಿ. ಅಂಥ ಹೊತ್ತಲ್ಲಿ ಕ್ರೈಸ್ತರ ಖಜಾಂಚಿ ಸಿಕ್ಕಿದರೆ ಅಧಿಕಾರಿ ಮೊದಲು ಕೇಳುವುದು ಬೀಗದ ಕೈಯನ್ನೇ.

ಜನಕ್ಕೆ ಇದೆಲ್ಲ ಬೇಕಿಲ್ಲ ಬಿಡಿ. ಕೈಯಿಂದ ಮುಟ್ಟುವಂಥದ್ದು ಒಂದು ಬೇಕು. ದುರ್ಗಕ್ಕೆ ಹೋದವರು ಓಬವ್ವನ ಕಿಂಡಿ ಬಗ್ಗಿ ನೋಡದೆ ಬರುತ್ತಾರಾ? ರೋಮಿನಲ್ಲೂ ಲೂಚಿನಾ ಎಂಬಲ್ಲಿರುವ ಲಾರೆನ್ಸನ ಚರ್ಚಿನಲ್ಲಿ ಒಂದು ಕಬ್ಬಿಣದ ಜಾಲರಿ ಇಟ್ಟಿದ್ದಾರೆ, ಇದೇ ಅದು ಎಂದು. ಒನಕೆ ಇಲ್ಲದ ಓಬವ್ವನನ್ನು ನೆನೆಸಿಕೊಳ್ಳಲು ಆಗುವುದಿಲ್ಲ, ಜಾಲರಿ ಇಲ್ಲದ ಲಾರೆನ್ಸನೂ ಹಾಗೆ.

ಬಡವರನ್ನೇ ಸಂಪತ್ತು ಎಂದು ತೋರಿಸಿದ್ದು ಕೇಳಿ ನಮ್ಮ ಶರಣರೇ ನೆನಪಾದರು. ಬಸವಣ್ಣನವರ ಮೇಲೂ ಭಂಡಾರದ ಆಪಾದನೆ ಬಂದಿತ್ತಲ್ವಾ? ಎರಡೂ ಒಂದೇ ಕಥೆ ಅನ್ನಬಹುದಾ?
– ಓದುಗರೊಬ್ಬರು, ಚಿತ್ರದುರ್ಗ

ಅಕ್ಕಾ, ಇಷ್ಟೂ ಪತ್ರಗಳಲ್ಲಿ ನಿಮ್ಮದೇ ನನ್ನನ್ನು ಜಾಸ್ತಿ ಹೊತ್ತು ಕೂರಿಸಿತು.

ಬಸವಣ್ಣನವರು ಬಿಜ್ಜಳನ ಭಂಡಾರಿ. ಅರಮನೆಯ ಹಣ ತೆಗೆದು ಜಂಗಮರಿಗೆ ಸುರಿಯುತ್ತಿದ್ದಾನೆ ಎಂದು ಯಾರೋ ದೂರು ಹೇಳಿದರು, ಬಿಜ್ಜಳ ಲೆಕ್ಕ ಕೇಳಿದ, ಭಂಡಾರ ತೆಗೆದು ಎಣಿಸಿದರೆ ಒಂದು ಹಾಗವೂ ಕಡಿಮೆಯಿಲ್ಲ. ಇದು ನಮ್ಮ ಕಡೆ ಪುರಾಣ ಹೇಳುವವರೆಲ್ಲ ಹೇಳುವ ಪ್ರಸಂಗ. ಇಬ್ಬರೂ ದುಡ್ಡಿನ ಕೆಲಸದವರು, ಇಬ್ಬರ ಮೇಲೂ ಅಧಿಕಾರದ ಕಣ್ಣು, ಇಬ್ಬರದೂ ಇಲ್ಲದವರ ಕಡೆಗೇ ಓಲಿದ ಕೈ. ಆದರೆ ಒಂದೇ ಕಥೆ ಎನ್ನಲು ನನಗೆ ಮನಸ್ಸಿಲ್ಲ. ಇಬ್ಬರ ನಡುವೆ ಸುಮಾರು ಒಂಬೈನೂರು ವರ್ಷ, ಎರಡು ಸಮುದ್ರ. ಯಾರೂ ಯಾರಿಂದಲೂ ಕಲಿತದ್ದಲ್ಲ. ಇನ್ನೊಂದು ವ್ಯತ್ಯಾಸವಿದೆ, ಅದು ನನಗೆ ಮುಖ್ಯ. ಬಸವಣ್ಣನವರ ಲೆಕ್ಕ ಪೂರ್ತಿ ತಾಳೆಯಾಗಿ ಅವರು ಗೆದ್ದರು. ಲಾರೆನ್ಸ್ ಪೂರ್ತಿ ಸೊನ್ನೆ ತೋರಿಸಿ ಗೆದ್ದ. ಒಬ್ಬರದು ರಾಜನ ಹಣ, ಅದಕ್ಕೆ ಒಂದು ಕಾಸೂ ಕಡಿಮೆಯಾಗಬಾರದು. ಇನ್ನೊಬ್ಬನದು ಬಡವರದೇ ಹಣ, ಅದರಲ್ಲಿ ಒಂದು ಕಾಸೂ ಉಳಿಯಬಾರದು. ಎರಡೂ ಸರಿಯಾದ ಲೆಕ್ಕವೇ ಅಲ್ವಾ?

ನಾನು ಹುಡುಗನಾಗಿದ್ದಾಗ ಎರಡು ವರ್ಷ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಯಾವ ಊರು, ಯಾರ ಮಂಡಿ ಎಂದು ಕೇಳಬೇಡಿ. ದೀಪಾವಳಿಗೆ ಹೊಸ ಪುಸ್ತಕಕ್ಕೆ ಪೂಜೆ ಆಗುತ್ತಿತ್ತು, ಪೂಜೆಗಿಟ್ಟ ಪುಸ್ತಕ ಒಂದು, ಬರೆಯುವ ಪುಸ್ತಕ ಇನ್ನೊಂದು. ಅದಕ್ಕೇ ಇರಬೇಕು, ಲಾರೆನ್ಸನ ಕಥೆಯಲ್ಲಿ ಬೆಂಕಿಗಿಂತ ನನಗೆ ಆ ಮೂರು ದಿನ ಜಾಸ್ತಿ ಕಣ್ಣಿಗೆ ಕಟ್ಟುತ್ತದೆ. ಪೋಪ್ ಸತ್ತಿದ್ದಾನೆ, ತನ್ನ ಸರದಿಯೂ ಬಂದಿದೆ, ಮನುಷ್ಯ ಓಡಿಹೋಗದೆ ಕೂತು ಪಟ್ಟಿ ನೋಡುತ್ತಾ ಒಬ್ಬೊಬ್ಬರ ಹೆಸರಿಗೆ ಇಷ್ಟಿಷ್ಟು ಎಂದು ಹಂಚುತ್ತಿದ್ದಾನೆ. ಆ ಪಟ್ಟಿ ಚಿಕ್ಕದಾಗಿರಲಿಲ್ಲ. ಅದಕ್ಕೆ ಏಳೆಂಟು ವರ್ಷ ಮೊದಲು ಪೋಪ್ ಕೊರ್ನೇಲಿಯಸ್ ಬರೆದ ಪತ್ರವೊಂದರಲ್ಲಿ ರೋಮಿನ ಸಭೆಯ ಲೆಕ್ಕ ಸಿಗುತ್ತದೆ. ಪಾದ್ರಿಗಳು 46, ಡೀಕನ್‌ಗಳು 7, ಸಭೆ ಸಾಕುತ್ತಿದ್ದ ವಿಧವೆಯರು ಮತ್ತು ದಿಕ್ಕಿಲ್ಲದವರು 1,500ಕ್ಕೂ ಜಾಸ್ತಿ. ಈಗ ಆ ಮೆರವಣಿಗೆಯನ್ನು ಮನಸ್ಸಿಗೆ ತಂದುಕೊಳ್ಳಿ. ಹತ್ತಿಪ್ಪತ್ತು ಜನ ಅಲ್ಲ.

ಆಂಬ್ರೋಸ್ ಈ ಕಥೆ ಬರೆದದ್ದು ಸುಮ್ನೆ ಅಲ್ಲ. 378ರಲ್ಲಿ ರೋಮನ್ನರು ಗೋಥರು ಎಂಬ ಬುಡಕಟ್ಟಿನವರ ಕೈಲಿ ಸೋತು, ಸಾವಿರಾರು ಜನ ಸೆರೆಯಾದರು. ಬಿಡಿಸಲು ದುಡ್ಡು ಬೇಕಾಯಿತು. ಆಂಬ್ರೋಸ್ ಚರ್ಚಿನ ಚಿನ್ನದ ಪಾತ್ರೆಗಳನ್ನು ಕರಗಿಸಿ ಕೊಟ್ಟ. ಅವನಿಗಾಗದವರು ದೇವರ ಪಾತ್ರೆ ಕರಗಿಸಿದ ಎಂದು ಗುಲ್ಲೆಬ್ಬಿಸಿದರು. ಆಗ ಅವನು ಮುಂದಿಟ್ಟ ಉದಾಹರಣೆ ಲಾರೆನ್ಸ್. ಅಂದರೆ ಈ ಕಥೆ ನಮ್ಮ ಕೈಗೆ ಬಂದಿರುವುದೇ ಒಂದು ಲೆಕ್ಕದ ಜಗಳದ ನಡುವೆ.

ಅಣ್ಣಾ, ನಾನು ದುರ್ಗದಲ್ಲಿ ಪಿಯುಸಿ ಓದುತ್ತಿದ್ದೇನೆ. ಆಗಸ್ಟ್‌ನಲ್ಲಿ ಬೀಳುವ ಉಲ್ಕೆಗಳಿಗೆ 'ಲಾರೆನ್ಸನ ಕಣ್ಣೀರು' ಎಂದು ಹೆಸರಿದೆ ಅಂತ ನಮ್ಮ ಮಿಸ್ ಹೇಳಿದರು. ನಮ್ಮೂರಲ್ಲಿ ಕಾಣುತ್ತಾ?
– ವಿದ್ಯಾರ್ಥಿನಿ, ಚಿತ್ರದುರ್ಗ

ಕಾಣುತ್ತೆ ತಂಗಿ, ಮೋಡ ಬಿಟ್ಟರೆ. ಆಗಸ್ಟ್ 10 ಅವನ ದಿನ. ಅದೇ ಹೊತ್ತಿಗೆ ಆಕಾಶದಿಂದ ಬೆಂಕಿಯ ಗೆರೆಗಳು ಬೀಳುತ್ತವೆ. ಯೂರೋಪಿನ ಹಳ್ಳಿಯವರು ಅದನ್ನು ಸಂತನ ಕಣ್ಣೀರು ಎಂದರು, ಕೆಂಡದ ಕಿಡಿ ಎಂದರು. ಇಟಲಿಯಲ್ಲಿ ಈಗಲೂ ಆ ರಾತ್ರಿ ಜನ ಬಯಲಲ್ಲಿ, ಸಮುದ್ರದ ದಡದಲ್ಲಿ ಅಂಗಾತ ಮಲಗಿ ಒಂದೊಂದು ಉಲ್ಕೆಗೂ ಒಂದೊಂದು ಆಸೆ ಹೇಳಿಕೊಳ್ಳುತ್ತಾರೆ.

ನಿಜವಾಗಿ ಅದು ಸ್ವಿಫ್ಟ್-ಟಟಲ್ ಎಂಬ ಧೂಮಕೇತು ಬಿಟ್ಟುಹೋದ ದೂಳು. 1862ರಲ್ಲಿ ಅಮೆರಿಕದ ಇಬ್ಬರು ಬೇರೆಬೇರೆಯಾಗಿ ಅದನ್ನು ಕಂಡರು, ಅವರದೇ ಹೆಸರು. ಸುಮಾರು 133 ವರ್ಷಕ್ಕೊಮ್ಮೆ ಬರುತ್ತದೆ. 1992ರಲ್ಲಿ ಬಂದು ಹೋಯಿತು, ಇನ್ನು 2126ಕ್ಕೆ. ಭೂಮಿ ಪ್ರತಿ ಆಗಸ್ಟ್ ಆ ದೂಳಿನ ದಾರಿಯನ್ನು ಹಾಯುತ್ತದೆ. ಹೆಚ್ಚಿನವು ಮರಳಿನ ಕಾಳಿನಷ್ಟೇ, ಆದರೆ ಸೆಕೆಂಡಿಗೆ 59 ಕಿಲೋಮೀಟರ್ ವೇಗದಲ್ಲಿ ನುಗ್ಗಿ ಸುಮಾರು 100 ಕಿಲೋಮೀಟರ್ ಎತ್ತರದಲ್ಲೇ ಉರಿದು ಹೋಗುತ್ತವೆ. ಕಣ್ಣೀರಿಗೂ ಧೂಮಕೇತುವಿಗೂ ಗಂಟು ಹಾಕಿದವನು ಇಟಲಿಯ ಶಿಯಾಪರೆಲ್ಲಿ, 1866ರಲ್ಲಿ.

ನಿಮ್ಮ ಮಿಸ್‌ಗೆ ಒಂದು ಪ್ರಶ್ನೆ ಕೇಳು. ಸಂತನ ದಿನ 10ಕ್ಕೆ, ಆದರೆ ಈಗ ಉಲ್ಕೆಗಳು ಜಾಸ್ತಿ ಬೀಳುವುದು 12, 13ಕ್ಕೆ. ಯಾಕೆ? ಭೂಮಿ ನಕ್ಷತ್ರಗಳ ಲೆಕ್ಕದಲ್ಲಿ ಒಂದು ಸುತ್ತು ಮುಗಿಸಲು ನಮ್ಮ ಕ್ಯಾಲೆಂಡರ್ ವರ್ಷಕ್ಕಿಂತ ಸುಮಾರು 20 ನಿಮಿಷ ಜಾಸ್ತಿ ತಗೊಳ್ಳುತ್ತದೆ. ಆ 20 ನಿಮಿಷ ಕೂಡುತ್ತಾ ಹೋಗಿ 70 ವರ್ಷಕ್ಕೆ ಒಂದು ದಿನ ಆಗುತ್ತದೆ. ಮಕರ ಸಂಕ್ರಾಂತಿ ಜನವರಿ 14ರಿಂದ 15ಕ್ಕೆ ಜಾರುತ್ತಿದೆ ಎಂದು ಮನೆಯಲ್ಲಿ ಅಜ್ಜಿ ಗೊಣಗುತ್ತಾರಲ್ಲ, ಅದೂ ಇದೇ ಲೆಕ್ಕ. ಎಳ್ಳು ಬೆಲ್ಲವೂ ಲಾರೆನ್ಸನ ಕಣ್ಣೀರೂ ಒಂದೇ ವೇಗದಲ್ಲಿ ಜಾರುತ್ತಿವೆ.

ನೋಡುವುದಾದರೆ ಮಧ್ಯರಾತ್ರಿ ದಾಟಿದ ಮೇಲೆ, ಈಶಾನ್ಯದ ಕಡೆ ಮುಖ ಮಾಡಿ. ಬೆಳಗಿನ ಜಾವ 3ರಿಂದ 5 ಇನ್ನೂ ಒಳ್ಳೆಯದು. ಗಂಟೆಗೆ ನೂರು ಅಂತ ಪುಸ್ತಕದಲ್ಲಿ ಇರುತ್ತದೆ, ಅದು ಕತ್ತಲೆ ಪೂರ್ತಿ ಇದ್ದ ಕಡೆಯ ಮಾತು. ನಮಗೆ ಹತ್ತಿಪ್ಪತ್ತು ಸಿಕ್ಕರೆ ಖುಷಿಪಡಬೇಕು. ಮಲೆನಾಡಿನವರು ಆಗಸ್ಟ್‌ನಲ್ಲಿ ನಕ್ಷತ್ರದ ಮುಖ ನೋಡುವುದೇ ಕಷ್ಟ, ನಮ್ಮದು ಮಳೆ ಕಮ್ಮಿ ಜಿಲ್ಲೆ, ಬರಗಾಲ ಬರಗಾಲ ಎಂದು ಬೈಸಿಕೊಂಡ ಊರಿಗೆ ಇದೊಂದು ಲಾಭ. ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಂಪು ದೀಪ ಕಣ್ಣಿಗೆ ಹೊಡೆಯದ ಕಡೆ ಕೂತುಕೊಳ್ಳಿ. ಒಬ್ಬಳೇ ಹೋಗಬೇಡ, ಮನೆಯವರನ್ನೂ ಎಬ್ಬಿಸು.

ನಮ್ಮತ್ತೆ ಕಾರ್ಕಳದ ಹತ್ತಿರ ಅತ್ತೂರಿನಲ್ಲಿರುವ ಲಾರೆನ್ಸರ ಚರ್ಚಿಗೆ ಹರಕೆ ಹೊತ್ತಿದ್ದಾರೆ. ನಾವು ಕ್ರೈಸ್ತರಲ್ಲ. ರೋಮಿನ ಸಂತ ಕಾರ್ಕಳಕ್ಕೆ ಹೇಗೆ ಬಂದ? ಆಗಸ್ಟ್‌ನಲ್ಲಿ ಸತ್ತವನಿಗೆ ಜಾತ್ರೆ ಜನವರಿಯಲ್ಲಿ ಯಾಕೆ?
– ಗೃಹಿಣಿ, ಹರಿಹರ

ಕ್ರೈಸ್ತರಲ್ಲ ಎಂದು ಹಿಂಜರಿಯಬೇಡಿ ತಾಯಿ. ನಿಮ್ಮೂರಿನ ಆರೋಗ್ಯ ಮಾತೆಯ ಹಬ್ಬಕ್ಕೆ ಸೆಪ್ಟೆಂಬರ್ 8ರಂದು ಬರುವ ಜನರನ್ನು ನೀವೇ ನೋಡಿರುತ್ತೀರಿ, ಅವರೆಲ್ಲ ಏನು ಚರ್ಚಿನ ಪಟ್ಟಿಯಲ್ಲಿ ಇರುವವರಾ? ಅತ್ತೂರಿನಲ್ಲೂ ಹಾಗೇ.

ಗೋವಾ ಕಡೆಯಿಂದ ಕರಾವಳಿಗೆ ಇಳಿದು ಬಂದ ಕೊಂಕಣಿ ಕ್ರೈಸ್ತರ ಜೊತೆ ಅವರ ಸಂತರೂ ಬಂದರು. ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ, ಅವರಲ್ಲಿ ಬಹಳ ಜನರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. 1799ರ ನಂತರ ಉಳಿದವರು ವಾಪಸ್ ಬಂದರು, ಚರ್ಚುಗಳನ್ನು ಮತ್ತೆ ಕಟ್ಟಿಕೊಂಡರು. ಅತ್ತೂರಿನವರು ಹೇಳುವ ಕಥೆ ಆ ಮೇಲಿನದು. ಜಾಗ ಹುಡುಕುತ್ತಾ ಸಂತನ ಮರದ ಮೂರ್ತಿ ಹೊತ್ತು ಬರುತ್ತಿದ್ದರಂತೆ. ದಣಿದು ನೀರಿನ ಸೆಲೆಯ ಹತ್ತಿರ ನೆಲಕ್ಕಿಟ್ಟರಂತೆ. ಮತ್ತೆ ಎತ್ತಲು ಹೋದರೆ ಮೂರ್ತಿ ಕದಲಲಿಲ್ಲವಂತೆ. ಇಲ್ಲೇ ಗುಡಿ ಕಟ್ಟುತ್ತೇವೆ ಎಂದು ಮಾತು ಕೊಟ್ಟ ಮೇಲೇ ಎದ್ದಿತಂತೆ.

ಎಲ್ಲೋ ಕೇಳಿದ ಹಾಗಿದೆಯಲ್ಲ? ಗೋಕರ್ಣದಲ್ಲಿ ರಾವಣನ ಆತ್ಮಲಿಂಗ. ರೋಮಿನ ಲಾರೆನ್ಸನಿಗೆ ಇಂಥ ಕಥೆ ಇಲ್ಲ, ಕರಾವಳಿಯ ಲಾರೆನ್ಸನಿಗೆ ಇದೆ. ನಮ್ಮ ನೆಲಕ್ಕೆ ಬಂದವನು ನಮ್ಮ ದೇವರು ನೆಲೆ ನಿಂತ ರೀತಿಯಲ್ಲೇ ನೆಲೆ ನಿಂತ. ನನಗೆ ಇದು ಜಾಲರಿಗಿಂತ ದೊಡ್ಡ ಗುರುತು ಅನಿಸುತ್ತದೆ. 2016ರಲ್ಲಿ ಆ ಚರ್ಚಿಗೆ ಬಸಿಲಿಕಾ ಎಂಬ ಪದವಿಯೂ ಸಿಕ್ಕಿತು.

ಜನವರಿ ಯಾಕೆ ಎಂಬುದಕ್ಕೆ ನನ್ನ ಉತ್ತರ ಒಂದೇ: ಆಗಸ್ಟ್‌ನಲ್ಲಿ ಕಾರ್ಕಳದ ಮಳೆ ನೋಡಿದ್ದೀರಾ? ಮೇಣದಬತ್ತಿ ಹಚ್ಚುವುದಿರಲಿ, ಬೆಂಕಿಕಡ್ಡಿ ಗೀರಲು ಆಗುವುದಿಲ್ಲ. ಅತ್ತೆಯನ್ನು ಕರೆದುಕೊಂಡು ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಮೇಲೆ ಹೋಗುವುದಾದರೆ ಘಾಟಿಯ ತಿರುವಿಗೆ ಒಂದೆರಡು ನಿಂಬೆಹಣ್ಣು ಜೊತೆಗಿರಲಿ.

ಮಗ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದಾನೆ. ಮನೆ ಪಕ್ಕದ ನದಿಯ ಹೆಸರು ಸೇಂಟ್ ಲಾರೆನ್ಸ್ ಅಂತ ಫೋಟೋ ಕಳಿಸಿದ್ದ. ಅದೂ ಇವನೇನಾ?
– ಬಟ್ಟೆ ಅಂಗಡಿಯವರು, ದಾವಣಗೆರೆ

ಇವನೇ. ಫ್ರಾನ್ಸಿನ ನಾವಿಕ ಜಾಕ್ ಕಾರ್ಟಿಯೆ 1535ರ ಆಗಸ್ಟ್ 10ರಂದು ಅಲ್ಲಿನ ಒಂದು ಕೊಲ್ಲಿಗೆ ಹಡಗು ತಂದ. ಕ್ಯಾಲೆಂಡರ್ ನೋಡಿ ಆ ದಿನದ ಸಂತನ ಹೆಸರಿಟ್ಟ. ಆಮೇಲೆ ಆ ಹೆಸರು ಇಡೀ ಖಾರಿಗೆ, ಅಲ್ಲಿಂದ ನದಿಗೆ ಹತ್ತಿಕೊಂಡಿತು. ಶ್ರಾವಣದಲ್ಲಿ ಹುಟ್ಟಿದ್ದಕ್ಕೆ ಶ್ರಾವಣಿ ಅಂದ ಹಾಗೆ, ಇದರಲ್ಲಿ ಭಕ್ತಿ ಜಾಸ್ತಿ ಇಲ್ಲ.

ಸ್ಪೇನಿನ ರಾಜ ಎರಡನೇ ಫಿಲಿಪ್‌ನದು ಬೇರೆ ಕಥೆ. 1557ರಲ್ಲಿ ಇದೇ ಆಗಸ್ಟ್ 10ರಂದು ಅವನ ಸೈನ್ಯ ಫ್ರಾನ್ಸಿನವರನ್ನು ಸೋಲಿಸಿತು. ಸಂತನಿಗೆ ಕೃತಜ್ಞತೆ ಎಂದು 1563ರಿಂದ 1584ರವರೆಗೆ ಕಟ್ಟಿಸಿದ್ದು ಎಸ್ಕೊರಿಯಲ್. ಅರಮನೆ, ಮಠ, ರಾಜರ ಸಮಾಧಿ, ಪುಸ್ತಕ ಭಂಡಾರ ಎಲ್ಲ ಒಂದೇ ಕಟ್ಟಡದಲ್ಲಿ. ಮೇಲಿನಿಂದ ನೋಡಿದರೆ ಅಂಗಳಗಳು ಚೌಕ ಚೌಕವಾಗಿ ಜಾಲರಿಯ ಹಾಗೇ ಕಾಣುತ್ತವೆ. ಬೇಕೆಂದೇ ಹಾಗೆ ಕಟ್ಟಿದರೋ, ಕಟ್ಟಿದ ಮೇಲೆ ಹಾಗೆ ಕಂಡಿತೋ, ಪಂಡಿತರು ಇನ್ನೂ ಜಗಳ ಆಡುತ್ತಾರೆ. ಚರ್ಚಿನ ಸಂಪತ್ತು ಬಡವರು ಎಂದವನ ಹೆಸರಲ್ಲಿ ಅಷ್ಟು ದೊಡ್ಡ ಅರಮನೆ! ಉಳ್ಳವರು ಕಟ್ಟುವುದನ್ನು ಕಟ್ಟಿಯೇ ತೀರುತ್ತಾರೆ. ಅದನ್ನು ನಮಗೆ ಕಲ್ಯಾಣದಿಂದ ಹೇಳಿ ಎಂಟು ನೂರು ವರ್ಷ ಆಯಿತು.

ಆ ವಲೇರಿಯನ್ ರಾಜನಿಗೆ ಏನೂ ಶಿಕ್ಷೆ ಆಗಲಿಲ್ವಾ?
– ಎಂಟನೇ ತರಗತಿ, ಹೊಳಲ್ಕೆರೆ

ಆಯಿತು ಮರಿ. ಎರಡೇ ವರ್ಷಕ್ಕೆ, 260ರಲ್ಲಿ, ಪರ್ಷಿಯಾದ ರಾಜ ಮೊದಲನೇ ಶಾಪುರ್ ಅವನನ್ನು ಯುದ್ಧದಲ್ಲಿ ಜೀವಂತ ಹಿಡಿದ. ರೋಮಿನ ಚಕ್ರವರ್ತಿ ಶತ್ರುವಿನ ಕೈಗೆ ಸೆರೆಸಿಕ್ಕಿದ್ದು ಅದೇ ಮೊದಲು. ಶಾಪುರ್ ಕುದುರೆ ಹತ್ತುವಾಗ ಅವನ ಬೆನ್ನನ್ನೇ ಮೆಟ್ಟಿಲು ಮಾಡಿಕೊಳ್ಳುತ್ತಿದ್ದ ಎಂದು ಕ್ರೈಸ್ತರು ಬರೆದರು. ಅದು ಅವರ ಸಿಟ್ಟಿನ ಮಾತೂ ಇರಬಹುದು. ಇರಾನಿನ ನಖ್ಶೆ ರುಸ್ತಂ ಎಂಬಲ್ಲಿ ಬಂಡೆಯ ಮೇಲೆ ಶಾಪುರ್ ತನ್ನ ಗೆಲುವನ್ನು ಕೆತ್ತಿಸಿದ್ದಾನೆ, ಈಗಲೂ ಇದೆ. ಹಾಗೆ ನೋಡಿದರೆ ಈ ಕಥೆಯಲ್ಲಿ ಕಲ್ಲಿನಲ್ಲಿ ಗಟ್ಟಿಯಾಗಿ ಉಳಿದಿರುವುದು ರಾಜನ ಸೋಲೇ.

ಸರ್, ನಾನು ದೋಸೆ ಹಾಕುವ ಹುಡುಗ. ನಮ್ಮ ಯಜಮಾನರು ನಿಮಗೆ ಬರೆದದ್ದರಲ್ಲಿ ಒಂದು ತಪ್ಪಿದೆ. ಫೋಟೋ ಅಂಟಿಸಿದ್ದಲ್ಲ, ಮೊಳೆ ಹೊಡೆದು ತೂಗು ಹಾಕಿದ್ದು. ಜನವರಿಯಲ್ಲಿ ಅತ್ತೂರು ಜಾತ್ರೆಗೆ ಐದು ದಿನ ರಜೆ ಬೇಕು. ನೀವು ಒಂದು ಮಾತು ಹೇಳಿದರೆ ಕೊಡುತ್ತಾರೆ.
– ದಾವಣಗೆರೆ

ತಪ್ಪು ತಿದ್ದಿಕೊಂಡಿದ್ದೇವೆ ತಮ್ಮ. ಯಜಮಾನ್ರೇ, ಕೇಳಿಸಿತಲ್ಲ? ಐದು ದಿನ ಆಗದಿದ್ದರೆ ಮೂರಾದರೂ ಕೊಡಿ. ಆ ಮೂರು ದಿನ ಹಂಚಿನ ಮುಂದೆ ನೀವೇ ನಿಲ್ಲಬೇಕಾಗುತ್ತದೆ. ಒಂದು ಕಡೆ ಬೆಂದ ಮೇಲೆ ಮಗುಚುವುದು ಮರೆಯಬೇಡಿ.